ಯಾವ ಪ್ರೊಪೆಲರ್ ಹಾಕಿದರೆ ಡೀಸೆಲ್ ಉಳಿಯುತ್ತದೆ?

ಇದು ನನ್ನ ಪ್ರಶ್ನೆಯಲ್ಲ. ಹಾಯಿದೋಣಿ ಇಟ್ಟುಕೊಂಡು, ಅದರ ಹೊಟ್ಟೆಯಲ್ಲಿ ಡೀಸೆಲ್ ಎಂಜಿನ್ ಕೂರಿಸಿಕೊಂಡಿರುವವರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ. ಮೊದಮೊದಲು ಕೂತು, ಕಾಗದದ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಈಗ ಬಾಯಿ ಸೋತಿದೆ. ಇನ್ನು ಮುಂದೆ ಕೇಳಿದವರ ಕೈಗೆ ಇದನ್ನು ಕೊಟ್ಟು ನಾನು ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ಆ ಪ್ರಶ್ನೆಯಲ್ಲಿ ನನ್ನನ್ನು ಕೆರಳಿಸುವುದು ‘ಯಾವ’ ಎಂಬ ಪದ. ಕಾಲಿನ ಅಳತೆ ಹೇಳದೆ ‘ಯಾವ ಚಪ್ಪಲಿ ಒಳ್ಳೆಯದು’ ಎಂದು ಕೇಳಿದರೆ ಏನು ಹೇಳುವುದು? ಒಬ್ಬ ಮಹನೀಯರು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಚಿನ್ನದಂತೆ ಫಳಫಳಿಸುವ ಕಂಚಿನ ಮೂರು ರೆಕ್ಕೆ. ‘ಇದು ಹೇಗೆ ಸರ್?’ ಎಂಜಿನ್ ನಿಮಿಷಕ್ಕೆ ಗರಿಷ್ಠ ಎಷ್ಟು ಸುತ್ತು ಹೋಗಬೇಕು, ಗೇರ್‌ಬಾಕ್ಸ್ ಅದನ್ನು ಎಷ್ಟಕ್ಕೆ ಇಳಿಸುತ್ತದೆ, ದೋಣಿ ನೀರಿನಲ್ಲಿ ಎಷ್ಟು ಅಡಿ ಉದ್ದ ಕೂರುತ್ತದೆ, ಹಳೆಯ ಪ್ರೊಪೆಲರ್ ಮೇಲೆ ಯಾವ ಅಂಕೆ ಕೊರೆದಿದೆ ಎಂದು ಕೇಳಿದೆ. ‘ಅದೆಲ್ಲ ಬೇಡ ಸರ್, ಮೈಲೇಜ್ ಎಷ್ಟು ಬರುತ್ತದೆ ಅಷ್ಟು ಹೇಳಿ’ ಎಂದರು. ಫೋಟೊ ಚೆನ್ನಾಗಿದೆ ಎಂದು ಹೇಳಿ ಕಳಿಸಿದೆ.

ಪ್ರೊಪೆಲರ್ ಮೇಲೆ 16 × 11 ಎಂದಿದ್ದರೆ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಎಂದರೆ, ಮರಕ್ಕೆ ತಿರುಪು ಇಳಿಸಿದ ಹಾಗೆ, ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ದೂರ. ನೀರು ಮರವಲ್ಲ, ಜಾರುತ್ತದೆ. ಹಾಗಾಗಿ ಅಷ್ಟು ದೂರ ಎಂದೂ ಹೋಗುವುದಿಲ್ಲ. ಸ್ವಲ್ಪ ನೀರನ್ನು ಜೋರಾಗಿ ಹಿಂದಕ್ಕೆ ಎರಚುವುದಕ್ಕಿಂತ ಬಹಳ ನೀರನ್ನು ಮೆಲ್ಲಗೆ ತಳ್ಳುವುದರಲ್ಲಿ ಲಾಭ ಹೆಚ್ಚು. ಆದ್ದರಿಂದ ದೊಡ್ಡ ವ್ಯಾಸ, ನಿಧಾನದ ಸುತ್ತು ಒಳ್ಳೆಯದು. ಹಾಗೆಂದು ಮನಸ್ಸಿಗೆ ಬಂದಷ್ಟು ದೊಡ್ಡದು ಹಾಕಲಾಗದು. ರೆಕ್ಕೆಯ ತುದಿಗೂ ದೋಣಿಯ ತಳಕ್ಕೂ ನಡುವೆ ವ್ಯಾಸದ ಶೇಕಡಾ 10ರಿಂದ 15ರಷ್ಟು ಜಾಗ ಬಿಡಬೇಕು, ಇಲ್ಲದಿದ್ದರೆ ಇಡೀ ದೋಣಿ ಗಡಗಡ ನಡುಗುತ್ತದೆ. ಅರ್ಧ ತೀರ್ಮಾನವನ್ನು ದೋಣಿ ಕಟ್ಟಿದವನು ಆಗಲೇ ಮಾಡಿಬಿಟ್ಟಿರುತ್ತಾನೆ.

ಪಿಚ್ ಸರಿಯಿದೆಯೇ ಎಂದು ತಿಳಿಯಲು ಪಂಡಿತರು ಬೇಕಿಲ್ಲ. ತಳ ಶುಚಿಯಾಗಿರುವಾಗ, ಶಾಂತ ನೀರಿನಲ್ಲಿ ಥ್ರಾಟಲ್ ಪೂರ್ತಿ ತಳ್ಳಿ. ತಯಾರಕರು ಹೇಳಿದ ಗರಿಷ್ಠ ಸುತ್ತು ಬಂದರೆ ಸರಿ. ಬಾರದೆ ಹೊಗೆ ಕಪ್ಪಾದರೆ ಪಿಚ್ ಹೆಚ್ಚಾಗಿದೆ. ಸುತ್ತು ಸಲೀಸಾಗಿ ಮಿತಿಗೆ ಮುಟ್ಟಿ ದೋಣಿ ಮಾತ್ರ ತೆವಳುತ್ತಿದ್ದರೆ ಕಡಿಮೆಯಾಗಿದೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಡೀಸೆಲ್ ಉಳಿಸುವ ಉತ್ಸಾಹದಲ್ಲಿ ಎರಡು ಇಂಚು ಹೆಚ್ಚು ಪಿಚ್ಚಿನ ಪ್ರೊಪೆಲರ್ ಹಾಕಿಸಿದೆ. ತರ್ಕ ತಪ್ಪೇನಲ್ಲ, ನಗಬೇಡಿ. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲಿ ಹೆಚ್ಚು ಭಾರ ಎಳೆದರೆ ಅಷ್ಟೇ ಕೆಲಸಕ್ಕೆ ತುಸು ಕಡಿಮೆ ಎಣ್ಣೆ ಕುಡಿಯುತ್ತದೆ. ಆದರೆ 3600 ಸುತ್ತು ಹೋಗಬೇಕಾದ ಎಂಜಿನ್ 2900ಕ್ಕೇ ಉಸಿರುಗಟ್ಟಿ ನಿಂತಿತು. ಸುತ್ತು ಕಾಯುವ ಗವರ್ನರ್ ಎಂಬ ಸಾಧನ ಎಣ್ಣೆ ಸುರಿಯುತ್ತಿದೆ, ಅದನ್ನು ಉರಿಸಲು ಗಾಳಿ ಸಾಲದು. ದೋಣಿಯ ಬಿಳಿ ಹಿಂಬದಿಯ ಮೇಲೆ ಅಂಗೈಯಗಲದ ಮಸಿ. ಎದುರುಗಾಳಿಯಲ್ಲಿ ಬಂದರಿನ ಬಾಯಿ ದಾಟಬೇಕಾದ ದಿನ, ಇದ್ದ ಶಕ್ತಿಯಲ್ಲಿ ಒಂದು ಪಾಲು ಕೈಗೇ ಸಿಗಲಿಲ್ಲ. ಕೊನೆಗೆ ಕಾರ್ಯಾಗಾರಕ್ಕೆ ಒಯ್ದು ರೆಕ್ಕೆಗಳನ್ನು ತಿರುಚಿಸಿ ಪಿಚ್ ಇಳಿಸಿಕೊಂಡೆ.

ಇನ್ನೂ ನಾಚಿಕೆಯ ಸಂಗತಿ ಮೂಲೆಯಲ್ಲಿ ಬಿದ್ದಿತ್ತು: ಬಿಚ್ಚಿ ಹಾಕಿದ ಹಳೆಯ ಪ್ರೊಪೆಲರ್. ಎರಡೂ ರೆಕ್ಕೆಗಳ ಮೇಲೆ ಗೋಡೆಗೆ ಅಂಟಿದ ಸುಣ್ಣದ ಚಕ್ಕೆಗಳಂತೆ ಬಾರ್ನಕಲ್ ಎಂಬ ಕಡಲಜೀವಿಯ ಚಿಪ್ಪುಗಳು. ಉಳಿ ಹಿಡಿದು ಕೆರೆದರೆ ಚಿಪ್ಪು ಸಿಡಿಯುತ್ತದೆ, ಬುಡದ ಬಿಳಿ ಉಂಗುರ ಮಾತ್ರ ಬಿಡುವುದಿಲ್ಲ. ‘ದೋಣಿ ಎಣ್ಣೆ ಕುಡಿಯುತ್ತಿದೆ’ ಎಂದು ನಾನು ಗೊಣಗುತ್ತಿದ್ದುದು ಇದನ್ನು ಸುತ್ತಿಸುತ್ತ. ಅರ್ಧ ದಿನ ಕೂತು ಉಜ್ಜಿದ್ದರೆ ಒಂದು ಪ್ರೊಪೆಲರ್‌ನ ದುಡ್ಡು ಜೇಬಿನಲ್ಲೇ ಇರುತ್ತಿತ್ತು.

ವೇಗದ ಲೆಕ್ಕವೂ ಯಾರಿಗೂ ಬೇಕಿಲ್ಲ. ನೀರಿನ ಮಟ್ಟದಲ್ಲಿ 25 ಅಡಿ ಉದ್ದದ ದೋಣಿಯ ಸಹಜ ಮಿತಿ ಸುಮಾರು 6.7 ನಾಟ್, ಅಂದರೆ ಗಂಟೆಗೆ ಹನ್ನೆರಡು ಕಿಲೋಮೀಟರಿನಷ್ಟು. ಅದರ ಹತ್ತಿರ ಹೋದಂತೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತತೊಡಗುತ್ತದೆ. ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನದಷ್ಟು ಏರುತ್ತದೆ. ಹತ್ತು ಪಾಲಿನಲ್ಲಿ ಒಂದು ಪಾಲು ವೇಗ ಬಿಟ್ಟುಕೊಟ್ಟರೆ ಕಾಲು ಭಾಗಕ್ಕಿಂತ ಹೆಚ್ಚು ಶಕ್ತಿ ಉಳಿಯುತ್ತದೆ. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಾದದ್ದು ಕೊಂಡುಕೊಳ್ಳಬಹುದಾದ ವಸ್ತು.

ಇನ್ನು, ಯಾರೂ ಕೇಳದ ಪ್ರಶ್ನೆ ಒಂದಿದೆ: ಎಂಜಿನ್ ಆರಿಸಿ ಹಾಯಿ ಏರಿಸಿದ ಮೇಲೆ ಆ ಪ್ರೊಪೆಲರ್ ಅಲ್ಲಿ ಏನು ಮಾಡುತ್ತಿರುತ್ತದೆ? ಬಾಲಕ್ಕೆ ಕಟ್ಟಿದ ಬಕೆಟ್ಟಿನ ಹಾಗೆ ನೀರನ್ನು ತಡೆಯುತ್ತಿರುತ್ತದೆ. ಇದು ಇಂದಿನ ತಲೆನೋವಲ್ಲ. 1860ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ‘ವಾರಿಯರ್’ ಹಾಯಿಯಲ್ಲಿ ಹೋಗುವಾಗ ಅದರ ಟನ್ನುಗಟ್ಟಲೆ ತೂಕದ ಪ್ರೊಪೆಲರನ್ನು ನಾವಿಕರ ದಂಡೇ ಹಗ್ಗ ಹಿಡಿದು ನೀರಿನಿಂದ ಮೇಲಕ್ಕೆತ್ತಬೇಕಿತ್ತು. ಅಷ್ಟು ಜನ ಸುಮ್ಮನೆ ಬೆವರು ಸುರಿಸಲಿಲ್ಲ.

ಮೂರು ರೆಕ್ಕೆಯ ಸ್ಥಿರ ಪ್ರೊಪೆಲರ್ ಮಂದ ಗಾಳಿಯಲ್ಲಿ ಅರ್ಧ ನಾಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು ವೇಗ ತಿನ್ನುತ್ತದೆ. ಮೂರೂವರೆ ನಾಟ್‌ನಲ್ಲಿ ಹೋಗಬೇಕಾದ ದೋಣಿ ಮೂರರ ಕೆಳಗಿಳಿದಾಗ ಏನಾಗುತ್ತದೆ? ಚುಕ್ಕಾಣಿ ಹಿಡಿದವನ ತಾಳ್ಮೆ ಕೆಡುತ್ತದೆ, ಕೈ ಎಂಜಿನ್ ಕೀಲಿಯತ್ತ ಹೋಗುತ್ತದೆ. ಹಾಯಿದೋಣಿಯ ಡೀಸೆಲ್ ಖರ್ಚಾಗುವುದು ಆ ಕ್ಷಣದಲ್ಲಿ. ಹಿಂದಕ್ಕೆ ಮಡಚಿಕೊಳ್ಳುವ ಪ್ರೊಪೆಲರ್, ಅಥವಾ ನೀರಿನ ಹರಿವಿಗೆ ರೆಕ್ಕೆಯ ಅಂಚನ್ನು ತಿರುಗಿಸಿಕೊಳ್ಳುವ ಪ್ರೊಪೆಲರ್ ಆ ಕ್ಷಣವನ್ನು ಮುಂದೂಡುತ್ತದೆ. ಎಂಜಿನ್ ಓಡುವಾಗಿನ ಲೆಕ್ಕ ಮಾತ್ರ ಹಿಡಿದರೆ ಚೆನ್ನಾಗಿ ಹೊಂದಿಸಿದ ಸ್ಥಿರ ಪ್ರೊಪೆಲರ್ ಗೆಲ್ಲಬಹುದು. ಇಡೀ ಪ್ರಯಾಣದ ಲೆಕ್ಕ ಹಿಡಿದರೆ ಫಲಿತಾಂಶ ತಲೆಕೆಳಗಾಗಬಹುದು. ಅವುಗಳಿಗೂ ದೋಷವಿದೆ. ಬೆಲೆ ಹಲವು ಪಟ್ಟು, ಕೀಲುಗಳು ಸವೆಯುತ್ತವೆ, ಮಡಚುವ ಬಗೆಯಲ್ಲಿ ಕೆಲವು ಹಿಂದಕ್ಕೆ ಹೋಗುವಾಗ ಸತಾಯಿಸುತ್ತವೆ.

ಸ್ಥಿರ ಪ್ರೊಪೆಲರ್ ಇದ್ದವರು ಮುಂದೆ ಕೇಳುವುದು, ಹಾಯಿಯಲ್ಲಿ ಹೋಗುವಾಗ ಅದನ್ನು ತಿರುಗಲು ಬಿಡಬೇಕೇ, ಹಿಡಿದು ನಿಲ್ಲಿಸಬೇಕೇ ಎಂದು. ಗ್ಲಾಸ್ಗೊದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಿಂದ 2008ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಸಲೀಸಾಗಿ ತಿರುಗುವ ಪ್ರೊಪೆಲರ್‌ಗಿಂತ ನಿಲ್ಲಿಸಿದ್ದೇ ಹೆಚ್ಚು ತಡೆಯುತ್ತದೆ. ಆದರೆ ಮೊದಲು ಗೇರ್‌ಬಾಕ್ಸಿನ ಪುಸ್ತಕ ಓದಿ. ಹಾಗೆ ತಿರುಗುವುದು ಎಲ್ಲ ಗೇರ್‌ಬಾಕ್ಸ್‌ಗಳಿಗೂ ಹಿಡಿಸುವುದಿಲ್ಲ.

‘ಹಾಗಾದರೆ ನಿಮ್ಮದು ಮಡಚುವ ಪ್ರೊಪೆಲರ್ ತಾನೇ?’ ಅಲ್ಲ. ಆ ಮಸಿಯ ಪ್ರೊಪೆಲರ್ ಯಾರಿಗೋ ಮಾರಿದೆ. ನನ್ನದು ಅದೇ ಹಳೆಯ ಎರಡು ರೆಕ್ಕೆಯದು, ಉಜ್ಜಿ ಮತ್ತೆ ಹಾಕಿದ್ದು. ನನ್ನ ದೋಣಿಯದು ಉದ್ದ ಕೀಲ್, ಅಂದರೆ ತಳದುದ್ದಕ್ಕೂ ಗೋಡೆಯಂತೆ ನೀರಿಗಿಳಿದ ಭಾಗ. ಎರಡು ರೆಕ್ಕೆ ನೆಟ್ಟಗೆ ನಿಂತರೆ ಅದರ ಹಿಂದೆ ಅಡಗುತ್ತವೆ. ಪ್ರೊಪೆಲರ್ ತಿರುಗಿಸುವ ಷಾಫ್ಟಿನ ಮೇಲೆ ಒಂದು ಬಿಳಿ ಗೆರೆ ಎಳೆದಿದ್ದೇನೆ. ಎಂಜಿನ್ ಆರಿಸಿ, ಹಲಗೆ ಎತ್ತಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಗೆರೆ ಮೇಲಕ್ಕೆ ಬರುವವರೆಗೆ ಷಾಫ್ಟನ್ನು ಕೈಯಿಂದ ತಿರುಗಿಸಿ, ಮತ್ತೆ ತಿರುಗದಂತೆ ಗೇರ್ ಹಾಕುತ್ತೇನೆ. ಬಣ್ಣ ಈಗ ಸ್ವಲ್ಪ ಉದುರಿದೆ.