131 ವರ್ಷ ಬದುಕಿದ ಮ್ಯಾನುವೆಲ್ ಗಾರ್ಸಿಯಾ

ಹಾಡಿದವರು ಯಾರು, ಬರೆದವರು ಯಾರು, ಹುಟ್ಟಿದ್ದು ಯಾವಾಗ, ಸತ್ತಿದ್ದು ಯಾವಾಗ. ರೆಕಾರ್ಡಿಂಗ್‌ಗಳ ಜೊತೆ ಹೋಗುವ ಈ ಮಾಹಿತಿ ತುಂಬೋದೇ ನನ್ನ ಕೆಲಸ. ಒಬ್ಬರೇ ಎರಡು ಸಲ ದಾಖಲಾಗಿದ್ದರೆ ಸೇರಿಸಿ ಒಂದು ಮಾಡಬೇಕು. ನಮ್ಮ ಬಾಯಲ್ಲಿ ಅದು ‘ಮರ್ಜ್ ಹೊಡೆಯೋದು’.

ಸೇರಿದ ಮೂರನೇ ತಿಂಗಳು ಮ್ಯಾನುವೆಲ್ ಗಾರ್ಸಿಯಾ ಎರಡು ಕಡೆ ಸಿಕ್ಕಿದ. ಗಾರ್ಸಿಯಾ ಅಂದ್ರೆ ಸ್ಪೇನ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಮನೆತನದ ಹೆಸರು. ಹಾಗಾಗಿ ಸುಮ್ನೆ ಹೊಡೆಯಲಿಲ್ಲ, ತಾಳೆ ನೋಡಿದೆ. ಎರಡೂ ಕಡೆ ಒಪೆರಾ ಗಾಯಕ. 1825ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪಾರ್ಕ್ ಥಿಯೇಟರ್‌ನಲ್ಲಿ ರೊಸ್ಸಿನಿಯ ‘ಬಾರ್ಬರ್ ಆಫ್ ಸೆವಿಲ್’ ಆಡಿದ್ದು ಎರಡರಲ್ಲೂ ಇದೆ. ಅದೇ ಊರು, ಅದೇ ರಾತ್ರಿ. ಇನ್ನೇನು ಬೇಕು? ಹೊಡೆದೆ.

ಮಧ್ಯಾಹ್ನ ಸೀನಿಯರ್ ಮೇಡಂ ಕರೆದರು. “ಏನ್ರೀ, ನಿಮ್ಮ ಗಾರ್ಸಿಯಾ 1775ರಲ್ಲಿ ಹುಟ್ಟಿ 1906ರಲ್ಲಿ ಸತ್ತಿದ್ದಾನೆ. ಏನು ತಿಂತಿದ್ನಂತೆ?”

ಅವರು ಅಪ್ಪ, ಮಗ. ಆ ರಾತ್ರಿ ಅಪ್ಪ ಪ್ರೇಮಿ ಕೌಂಟ್, 20 ವರ್ಷದ ಮಗ ಕ್ಷೌರಿಕ ಫಿಗಾರೊ, ಮಗಳು ಮರಿಯಾ ನಾಯಕಿ. ಮನೆಮಂದಿಯೆಲ್ಲ ರಂಗದ ಮೇಲೆ! ಪಾತ್ರದ ಕಾಲಂ ನಾನು ನೋಡಿಯೇ ಇರಲಿಲ್ಲ. ಇಬ್ಬರ ಪೂರ್ತಿ ಹೆಸರಲ್ಲೂ ರೊಡ್ರಿಗೆಸ್ ಗಾರ್ಸಿಯಾ ಬೇರೆ. ನಮ್ಮ ಹಾಗೆ ಇನಿಷಿಯಲ್ ಇದ್ದಿದ್ರೆ ಬಚಾವಾಗ್ತಿದ್ದೆ.

ಅಪ್ಪ 1832ರಲ್ಲೇ ತೀರಿಕೊಂಡ. ಮಗ ರಂಗ ಬಿಟ್ಟು ಹಾಡುಗಾರಿಕೆಯ ಮೇಷ್ಟ್ರಾದ. 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಬಾಯೊಳಗೆ ಗಂಟಲ ತನಕ ಇಳಿಸಿ, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬಿಟ್ಟು, ತನ್ನದೇ ಧ್ವನಿತಂತುಗಳು ಆಡೋದನ್ನು ನೋಡಿದ. ಗಂಟಲ ಡಾಕ್ಟರುಗಳಿಗೆ ದಾರಿ ಮಾಡಿಕೊಟ್ಟಿದ್ದು ಒಬ್ಬ ಸಂಗೀತದ ಮೇಷ್ಟ್ರು! ಬದುಕಿದ್ದೂ 101 ವರ್ಷ. 131 ನೋಡಿ ನನಗೆ ಅನುಮಾನ ಬರದೇ ಇದ್ದಿದ್ದಕ್ಕೆ ಇದನ್ನೇ ನೆಪ ಹೇಳಿದೆ. ಮೇಡಂ ಒಪ್ಪಲಿಲ್ಲ.

ಹೊಡೆಯೋಕೆ ಒಂದು ಕ್ಲಿಕ್, ಬಿಡಿಸೋಕೆ ಎರಡು ದಿನ. ಒಂದೊಂದೇ ದಾಖಲೆ ತೆರೆದು, ಇದು ಅಪ್ಪನದಾ ಮಗನದಾ ಅಂತ ನೋಡಬೇಕು. ಆಮೇಲಿಂದ ನಾನು ಮೊದಲು ಇಸವಿ ನೋಡ್ತೀನಿ, ಆಮೇಲೆ ಪಾತ್ರ. ಹೆಸರು ಕೊನೆಗೆ.

ಎಲ್ಲ ಮುಗಿಸಿ, ಪ್ರಾಯಶ್ಚಿತ್ತಕ್ಕೆ ಅಂತ ಅಪ್ಪನ ಪುಟಕ್ಕೆ ಒಂದು ಚಂದದ ಚಿತ್ರ ಹಾಕಿದೆ. ಮ್ಯಾನುವೆಲ್ ಗಾರ್ಸಿಯಾ, ಬಿಡಿಸಿದವನು ಗೋಯಾ, 19ನೇ ಶತಮಾನದ ಆರಂಭ. ಇಸವಿಯೂ ಸರಿ! ಮೇಡಂ ಬಂದು ಸ್ಕ್ರೀನ್ ನೋಡಿದರು. ಹೆಸರಿನ ಮುಂದೆ ಇನ್ನೂ ಮೂರು ಪದ ಇದ್ದವು: ದೆ ಲಾ ಪ್ರಾದಾ. ಅವನು ಮ್ಯಾಡ್ರಿಡ್‌ನ ಬೇರೆಯೇ ದೊಡ್ಡ ಮನುಷ್ಯ.

“ಇರಲಿ, ಈ ಹಚ್ ನಾಯಿ ಯಾರದು?” ಅಂದರು. ಅವನ ಪಕ್ಕದಲ್ಲಿ ಒಂದು ಪಗ್ ಕೂತಿತ್ತು.