ಮಳೆಗಾಲದಲ್ಲಿ ನೋಡಿದ್ದುಂಟಾ?

ಕಳೆದ ಭಾನುವಾರ ಕೇಳಿದ ಒಂದು ಮಾತು ಈ ವಾರವಿಡೀ ನನ್ನ ತಲೆಯಲ್ಲೇ ಇದೆ. ಜಾಗ ಕೊಳ್ಳಲು ಬಂದವರು ಮಾರುವವರನ್ನು ನೂರು ಪ್ರಶ್ನೆ ಕೇಳುವುದನ್ನು ನಾನು ಬಹಳ ಕಂಡಿದ್ದೇನೆ. ಆದರೆ ಮಾರಲು ಕುಳಿತವರೇ ಕೊಳ್ಳುವವನನ್ನು ಹೀಗೆ ಕೇಳಿದ್ದು ಕಂಡಿರಲಿಲ್ಲ.

ಉಡುಪಿಯ ಪರ್ಕಳ ದಾಟಿ ಹಿರಿಯಡ್ಕದ ಕಡೆಗೆ ಹೋಗುವ ಹೆದ್ದಾರಿಯಿಂದ ಒಳಗೆ, ಬೈಲಿನ (ತಗ್ಗಿನ ಗದ್ದೆಗಳ) ಅಂಚಿನಲ್ಲಿ, ಒಂದು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ತಾಗಿಕೊಂಡಿರುವ 25 ಸೆಂಟ್ಸ್ (ಕಾಲು ಎಕರೆ) ಜಾಗವದು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗ ಅದನ್ನು ನೋಡಲು ಬಂದಿದ್ದ. ಹೂಡಿಕೆಯ ತರಗತಿಗಳಿಗೆ ಹೋಗಿ ಬಂದ ಮೇಲೆ ಅವನಿಗೆ ಊರಿನ ಪ್ರತಿಯೊಂದು ಗದ್ದೆಯೂ ಬೆಲೆಯಾಗಿಯೇ ಕಾಣುತ್ತಿದೆ. ಕಾಗದಪತ್ರದಲ್ಲಿ ಹುಡುಗ ಚುರುಕು ಎಂಬುದನ್ನು ಒಪ್ಪಲೇಬೇಕು. ಪಹಣಿ, ಋಣಭಾರ ಪತ್ರ, ಕುಟುಂಬದ ವಿಭಾಗಪತ್ರ, ಭೂಪರಿವರ್ತನೆಯ ಆದೇಶ ಎಲ್ಲವನ್ನೂ ಮೊದಲೇ ತರಿಸಿಕೊಂಡು ಓದಿದ್ದ. ಎಲ್ಲವೂ ಸರಿಯಾಗಿಯೇ ಇತ್ತು. ಜಗಲಿಯಲ್ಲಿ ಕುಳಿತು ದರದ ಮಾತು ಆರಂಭವಾಗುವ ಹೊತ್ತಿಗೆ, ಬೆಲ್ಲ ನೀರು ತಂದಿಟ್ಟ ಮನೆಯ ಹಿರಿಯಮ್ಮ ಅವನ ಮುಖ ನೋಡಿ ಕೇಳಿದರು.

"ಮಳೆಗಾಲದಲ್ಲಿ ಒಮ್ಮೆ ಬಂದು ನೋಡಿದ್ದುಂಟಾ ಮಗ? ತೋಡಿನ ಬದಿಗೆ ಆಟಿ ತಿಂಗಳ ಜೋರು ಮಳೆಗೆ ನೀರು ಏರುತ್ತದೆ."

"ನಾವು ಮನೆ ಕಟ್ಟುವವರಲ್ಲ ಅಮ್ಮ, ವರ್ಷದೊಳಗೆ ಬೇರೆಯವರಿಗೆ ಕೊಡುತ್ತೇವೆ."

"ಹಾಗಾದರೆ ನಿಮ್ಮಿಂದ ತೆಗೆದುಕೊಳ್ಳುವವರಿಗೆ ಇದನ್ನು ಹೇಳುವುದು ಯಾರು?"

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿ ಕೇಳಿದ್ದರು. ಹುಡುಗ ಸುಮ್ಮನಾದ. ಬ್ರೋಕರ್ ಮಾತ್ರ ನಕ್ಕು, ಪಕ್ಕದ ಕುಮ್ಕಿ ಜಾಗವೂ ಜೊತೆಗೇ ಬರುತ್ತದೆ, ಅದು ಲಾಭವೇ ಎಂದು ಮಾತು ತಿರುಗಿಸಿದರು. ಕೆಡುಕು ಬಗೆಯುವ ಮನುಷ್ಯರಲ್ಲ ಅವರು. ಆದರೆ ಯಾವ ವಿಷಯ ಬಂದಾಗ ಮಾತು ತಿರುಗಿಸಬೇಕೆಂಬುದನ್ನು ಚೆನ್ನಾಗಿ ಕಲಿತಿದ್ದಾರೆ, ಅದು ನನಗೆ ಹಿಡಿಸುವುದಿಲ್ಲ. ಕುಮ್ಕಿ ಸರ್ಕಾರದ ಭೂಮಿ. ಪಕ್ಕದ ವರ್ಗ (ಪಟ್ಟಾ) ಜಾಗದವರಿಗೆ ಅದರಲ್ಲಿ ಸೊಪ್ಪು, ಸೌದೆಯಂಥ ಸವಲತ್ತುಗಳಿವೆಯೇ ಹೊರತು ಮಾರುವ ಹಕ್ಕಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಂ ಅದನ್ನು ಸವಲತ್ತು ಎಂದೇ ಕರೆಯುತ್ತದೆ. ಆದರೂ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕುಮ್ಕಿಯನ್ನು ತೋರಿಸಿ ದರ ಏರಿಸುವುದು ನಿಂತಿಲ್ಲ.

ನಾನು ಎದ್ದು ತೋಡಿನ ಬದಿಗೆ ಹೋದೆ. ತೋಡು ಪೂರ್ತಿ ಒಣಗಿ, ತಳದಲ್ಲಿ ತರಗೆಲೆ ತುಂಬಿತ್ತು. ಈ ಬಿಸಿಲಿನಲ್ಲಿ ನೋಡಿದ ಯಾರಿಗೂ ಇಲ್ಲಿ ನೀರು ಏರುತ್ತದೆ ಎಂದು ಅನ್ನಿಸಲಾರದು. ಆದರೆ ಮುರಕಲ್ಲಿನ ಪಾಗಾರ (ಆವರಣ ಗೋಡೆ) ಸಾಕ್ಷಿ ಹೇಳುತ್ತಿತ್ತು. ಮೊಣಕಾಲಿನ ಎತ್ತರದವರೆಗೆ ಕಲ್ಲಿನ ಕೆಂಪು ಮಾಸಿ ಬೂದು ಬಣ್ಣಕ್ಕೆ ತಿರುಗಿತ್ತು. ಕಲ್ಲಿನ ತೂತುಗಳಲ್ಲಿ ಕೆಸರು ಒಣಗಿ ಗಟ್ಟಿಯಾಗಿ ಕುಳಿತಿತ್ತು. ಅದರ ಮೇಲಿನ ಸಾಲುಗಳ ತೂತುಗಳು ಖಾಲಿಯಾಗಿದ್ದವು. ಆ ಗೆರೆ ಪಾಗಾರದ ಉದ್ದಕ್ಕೂ ನೇರವಾಗಿ ಸಾಗಿ, ನೆಲ ಏರುವಲ್ಲಿ ಮಣ್ಣಿನಲ್ಲಿ ಮರೆಯಾಗಿತ್ತು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ನೀರಿನ ಗುರುತನ್ನು ಓದಲು ಬಾರದವನು ಎಷ್ಟು ಪಹಣಿ ಓದಿದರೂ ಜಾಗವನ್ನು ಅರಿತಂತಾಗುವುದಿಲ್ಲ.

ಮರಳಿ ಬರುವಾಗ ಕಾರಿನಲ್ಲಿ ಹುಡುಗ, "ಮಾವ, ಅವರು ಅಷ್ಟು ಹೇಳುವ ಅಗತ್ಯ ಇರಲಿಲ್ಲ ಅಲ್ವಾ? ದರ ಕಡಿಮೆಯಾಗುವುದು ಅವರಿಗೇ" ಎಂದ. ಅಗತ್ಯವಿತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಂ ಪ್ರಕಾರ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯಲಾಗದ ಮುಖ್ಯ ದೋಷವೊಂದು ತನಗೆ ಗೊತ್ತಿದ್ದರೆ, ಅದನ್ನು ತಿಳಿಸುವುದು ಮಾರುವವರ ಕರ್ತವ್ಯ; ಮುಚ್ಚಿಟ್ಟರೆ ಅದು ವಂಚನೆ. ಆ ತಾಯಿಗೆ ಈ ಕಲಂ ಗೊತ್ತಿರಲಿಕ್ಕಿಲ್ಲ. ಮಕ್ಕಳೆಲ್ಲ ಮುಂಬಯಿಯಲ್ಲಿರುವ, ಆಳು ಸಿಗದೆ ತೋಟ ಬಿಟ್ಟಿರುವ, ಹಣದ ಅಗತ್ಯ ಎದುರಿಗೇ ಇರುವ ಒಬ್ಬರು ತಮಗೆ ನಷ್ಟವಾಗುವ ಸತ್ಯವನ್ನು ಕೇಳದೆಯೇ ಹೇಳಿದರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಅವರ ಎರಡನೆಯ ಪ್ರಶ್ನೆಯಂತೂ ಇನ್ನೂ ದೊಡ್ಡದು. ತಮಗೆ ಪರಿಚಯವೇ ಇಲ್ಲದ, ಮುಂದೆಂದೋ ಬರಲಿರುವ ಮೂರನೆಯವರ ಪರವಾಗಿ ಅವರು ಮಾತನಾಡಿದ್ದರು.

ವರ್ಷದೊಳಗೆ ಮಾರುತ್ತೇನೆ ಎಂಬ ಲೆಕ್ಕ ಹಣದ ದೃಷ್ಟಿಯಿಂದಲೂ ನಿಲ್ಲುವುದಿಲ್ಲ ಎಂದು ಹುಡುಗನಿಗೆ ಬರೆದು ತೋರಿಸಿದೆ. ಜಾಗಕ್ಕೆ ಶೇಕಡಾ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇಕಡಾ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಇಷ್ಟೂ ಸೇರಿದರೆ 60 ಲಕ್ಷದ ಜಾಗಕ್ಕೆ ನಾಲ್ಕೂವರೆ ಲಕ್ಷ ದಾಟುತ್ತದೆ. 24 ತಿಂಗಳೊಳಗೆ ಮಾರಿದರೆ ಬಂದ ಲಾಭ ಅವನ ಸಂಬಳಕ್ಕೆ ಸೇರಿ ಆ ದರದಲ್ಲೇ ತೆರಿಗೆಗೆ ಒಳಪಡುತ್ತದೆ. ಕಾದು ಮಾರಿದರೆ ಶೇಕಡಾ 12.5. ಈ ಖರ್ಚನ್ನೆಲ್ಲ ಮೀರಿ ಲಾಭ ಮಾಡಬೇಕಾದರೆ ದರವನ್ನು ಬಹಳ ಏರಿಸಬೇಕು, ದರ ಏರಿಸಬೇಕಾದರೆ ತೋಡಿನ ವಿಷಯ ನುಂಗಬೇಕು. ತರಗತಿಗಳಲ್ಲಿ ಇದನ್ನು ಹೀಗೆ ಬಿಡಿಸಿ ಹೇಳಿಕೊಡುವುದಿಲ್ಲ. ಕೊಳ್ಳುವ ದಿನ ಮಾಡಿದ ಲೆಕ್ಕವೇ ಮಾರುವ ದಿನ ನಾವು ಏನನ್ನು ಮುಚ್ಚಿಡಬೇಕಾದೀತು ಎಂಬುದನ್ನು ನಿರ್ಧರಿಸಿಬಿಡುತ್ತದೆ. ಆದ್ದರಿಂದ, ದೋಷವನ್ನು ಬಾಯಿಬಿಟ್ಟು ಹೇಳಿಯೂ ನಷ್ಟವಿಲ್ಲದೆ ಮಾರಬಹುದಾದ ದರಕ್ಕೆ ಸಿಕ್ಕರೆ ಮಾತ್ರ ಕೊಳ್ಳು ಎಂದೆ.

ಇದು ಬರೀ ನೀತಿಯ ಮಾತೆಂದು ಅವನು ಭಾವಿಸಿದಂತಿತ್ತು. ಉಡುಪಿಯಂಥ ಊರಿನಲ್ಲಿ ಇದು ವ್ಯಾಪಾರದ ಮಾತೂ ಹೌದು. ಇಲ್ಲಿ ಜಾಗ ಮಾರಾಟವಾಗುವುದು ಫಲಕ ನೋಡಿ ಅಲ್ಲ. ಯಾರದೋ ಭಾವ, ಯಾರದೋ ನೆರೆಯವರು "ಅವರಲ್ಲಿ ತೆಗೆದುಕೊಳ್ಳಿ, ಮೋಸ ಇಲ್ಲ" ಎಂದು ಹೇಳಿದ್ದರಿಂದ. ನೀರು ಏರುವ ಜಾಗವನ್ನು ಬೇಸಗೆಯಲ್ಲಿ ದಾಟಿಸಿದವನ ಹೆಸರು ಮೊದಲ ಆಟಿಯಲ್ಲೇ ಊರಿಡೀ ಹಬ್ಬುತ್ತದೆ, ಮುಂದೆ ಅವನ ಒಳ್ಳೆಯ ಜಾಗಕ್ಕೂ ಜನ ಬರುವುದಿಲ್ಲ.

ಬುಧವಾರ ರಾತ್ರಿ ಹುಡುಗ ಫೋನ್ ಮಾಡಿದ. ತೋಡಿನ ಬದಿಯನ್ನು ಬಿಟ್ಟು ಮೇಲಿನ ಭಾಗವನ್ನಷ್ಟೇ ಕೇಳಿದರೆ ಹೇಗೆ, ಅದಕ್ಕೆ 11ಇ ನಕ್ಷೆ (ಜಾಗದ ಒಂದು ಭಾಗವನ್ನಷ್ಟೇ ಮಾರುವಾಗ ಬೇಕಾಗುವ ಅಳತೆ ನಕ್ಷೆ) ಬೇರೆಯಾಗಿ ಮಾಡಿಸಬೇಕಲ್ಲ ಎಂದು ವಿಚಾರಿಸಿದ. ಕೆಳಗಿನ ತುಂಡು ಮಾತ್ರ ಉಳಿದರೆ ಅವರಿಗೆ ಅದನ್ನು ಕೊಳ್ಳುವವರು ಸಿಗುತ್ತಾರೆಯೇ ಎಂದೂ ಅವನೇ ಕೇಳಿದ. ಅದು ನನಗೆ ಬಹಳ ಸಂತೋಷ ಕೊಟ್ಟಿತು. ಜುಲೈಯಲ್ಲಿ ರಜೆ ಹಾಕಿ ಬಂದು ನೋಡಿದ ಮೇಲೆಯೇ ಮುಂದಿನ ಮಾತು ಎಂದಿದ್ದಾನೆ. ಬ್ರೋಕರ್ ಬೇರೆ ಪಾರ್ಟಿ ಸಿದ್ಧವಿದೆ ಎಂದು ಅವಸರಪಡಿಸುತ್ತಿದ್ದಾರೆ. ಹಣದ ಅಗತ್ಯವಿರುವವರನ್ನು ನಮಗಾಗಿ ಕಾಯಿಸುವುದು ಸರಿಯಲ್ಲವಾದ್ದರಿಂದ, ಒಳ್ಳೆಯ ದರ ಬಂದರೆ ಕೊಟ್ಟುಬಿಡಿ ಎಂದು ನಾನೇ ಆ ತಾಯಿಗೆ ತಿಳಿಸಿದೆ. ಬಂದವರಿಗೆ ತೋಡಿನ ವಿಷಯ ಹೇಳಿಯೇ ಕೊಡುತ್ತೇನೆ ಎಂದರು.