ಇಸ್ರಾಯೇಲಿನ ಅರಸರ ಊರುಗಳಿಗೆ ಹೊರಡುವವರಿಗೆ

ನಮ್ಮ ಕಡೆಯಿಂದ ಹೊರಡುವ ಪವಿತ್ರ ನಾಡಿನ ಟೂರ್‌ಗಳಲ್ಲಿ ಬೆತ್ಲೆಹೇಮ್, ನಜರೇತ್, ಗಲಿಲಾಯ ಇದ್ದೇ ಇರುತ್ತವೆ. ಅರಸರು ಆಳಿದ ಜಾಗಗಳಿಗೆ ಸಿಗುವ ಸಮಯ ಕಡಿಮೆ. ಅವನ್ನೇ ನೋಡಬೇಕು ಅನ್ನುವವರು ನಮ್ಮ ಹಾಗೆ ಸ್ವಂತವಾಗಿ ಹೋಗುವುದೇ ಸರಿ. ಟಿಕೆಟ್ ಮಾಡಿಸುವ ಮೊದಲು ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡಿಕೊಳ್ಳಿ.

ದಾವೀದನ ಮಗ ಅರಸ ಸೊಲೊಮೋನನ ನಂತರ, ಸುಮಾರು ಕ್ರಿ.ಪೂ. 930ರಲ್ಲಿ ರಾಜ್ಯ ಒಡೆಯಿತು. ಉತ್ತರಕ್ಕೆ ಇಸ್ರಾಯೇಲ್, ದಕ್ಷಿಣಕ್ಕೆ ಯೆಹೂದ. ಪ್ರವಾಸವನ್ನೂ ಹಾಗೇ ಎರಡು ಭಾಗ ಮಾಡಿಕೊಳ್ಳಿ. ಹಿಂದಿನ ರಾತ್ರಿ ಆಯಾ ಅರಸನ ಕಥೆಯನ್ನು ಬೈಬಲಿನ ಅರಸುಗಳ ಪುಸ್ತಕದಲ್ಲಿ ಓದಿ. ಓದದೆ ಹೋದರೆ ಸುಮ್ನೆ ಕಲ್ಲು ನೋಡಿ ಬಂದಂತೆ.

ಜೆರುಸಲೇಮಿನ ದಾವೀದನ ನಗರಕ್ಕೆ ಬೆಳಿಗ್ಗೆಯೇ ಹೋಗಿ. ಅಲ್ಲಿನ, ಯೆಹೂದದ ಅರಸ ಹಿಜ್ಕೀಯನ ಸುರಂಗ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ಅಶ್ಶೂರದ ಅರಸ ಸನ್ಹೇರೀಬ ಕ್ರಿ.ಪೂ. 701ರಲ್ಲಿ ದಂಡೆತ್ತಿ ಬಂದ. ಮುತ್ತಿಗೆ ಬಿದ್ದರೂ ಊರಿಗೆ ನೀರು ತಪ್ಪಬಾರದೆಂದು ಗೀಹೋನ್ ಬುಗ್ಗೆಯ ನೀರನ್ನು ಬಂಡೆಯೊಳಗೆ 533 ಮೀಟರ್ ಹರಿಸಿ ಸಿಲೋವ ಕೊಳಕ್ಕೆ ತಂದರು. ಎರಡು ತಂಡಗಳು ಎರಡೂ ತುದಿಯಿಂದ ಕೊರೆದು ನಡುವೆ ಸೇರಿದವು. ಸೇರಿದ ಜಾಗದಲ್ಲಿ ಗೋಡೆ ಮುಟ್ಟಿ ನೋಡಿ, ಉಳಿ ಏಟಿನ ಗುರುತು ದಿಕ್ಕು ಬದಲಿಸುತ್ತದೆ! ಈ ಕೆಲಸ ವರ್ಣಿಸುವ ಶಾಸನ 1880ರಲ್ಲಿ ಸಿಕ್ಕಿತು, ಮೂಲ ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ.

ಒಳಗೆ ದೀಪವಿಲ್ಲ, ಟಾರ್ಚ್ ಬೇಕು. ಶುರುವಿನಲ್ಲಿ ನೀರು ತೊಡೆಯವರೆಗೆ, ಆಮೇಲೆ ಮೊಣಕಾಲಿನ ಆಸುಪಾಸು. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಜಾಗ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ, ಸೀರೆ ಬೇಡ. ಇಕ್ಕಟ್ಟೆಂದರೆ ಹೆದರುವವರಿಗೆ ಪಕ್ಕದಲ್ಲೇ ನೀರಿಲ್ಲದ ಹಳೆಯ ಸುರಂಗ ಇದೆ.

ದಾವೀದನ ನಗರ ಶನಿವಾರ ಮುಚ್ಚಿರುತ್ತದೆ, ಶುಕ್ರವಾರ ಬೇಗ ಮುಚ್ಚುತ್ತದೆ. ಶುಕ್ರವಾರ ಸಂಜೆಯಿಂದ ಹೆಚ್ಚಿನ ಬಸ್ಸುಗಳೂ ಇರುವುದಿಲ್ಲ. ಆದ್ದರಿಂದ ಮೊದಲೇ ಕಾರು ಬಾಡಿಗೆಗೆ ಪಡೆದು ಶನಿವಾರವನ್ನು ಉತ್ತರಕ್ಕೆ ಇಟ್ಟುಕೊಳ್ಳಿ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳು ತೆರೆದಿರುತ್ತವೆ.

ಉತ್ತರದಲ್ಲಿರುವ ಹಳೆಯ ಕೋಟೆ ಊರು ಮೆಗಿದ್ದೋದಲ್ಲಿ ಹೆಬ್ಬಾಗಿಲು ಸೊಲೊಮೋನನದೋ, ನಂತರದ ಅರಸರದೋ ಎಂಬ ವಾದ ಇನ್ನೂ ಮುಗಿದಿಲ್ಲ. ಕ್ರಿ.ಪೂ. 609ರಲ್ಲಿ ಯೆಹೂದದ ಅರಸ ಯೋಷೀಯ ಸತ್ತದ್ದು ಇಲ್ಲೇ ಎನ್ನುತ್ತದೆ ಅರಸುಗಳ ಪುಸ್ತಕ. ನೀರಿನ ಸುರಂಗಕ್ಕೆ ಮೆಟ್ಟಿಲು ಬಹಳ, ಮಂಡಿನೋವಿರುವವರು ಯೋಚಿಸಿ.

ಇನ್ನೂ ಉತ್ತರದ ದಾನ್ ತಂಪು ಜಾಗ, ಯೊರ್ದನ್ ನದಿಯ ನೀರು ಹುಟ್ಟುವ ಕಡೆ. ರಾಜ್ಯ ಒಡೆದ ಮೇಲೆ ಇಸ್ರಾಯೇಲಿನ ಮೊದಲ ಅರಸನಾದ ಯಾರೊಬ್ಬಾಮ ಚಿನ್ನದ ಬಸವನನ್ನು ನಿಲ್ಲಿಸಿದ ಊರು. ಈಗ ಬಲಿಪೀಠ ಇದ್ದ ಜಾಗದಲ್ಲಿ ಅದರ ಅಳತೆ ತಿಳಿಯಲೆಂದು ಕಬ್ಬಿಣದ ಚೌಕಟ್ಟು ನಿಲ್ಲಿಸಿದ್ದಾರೆ. 'ದಾವೀದನ ಮನೆತನ' ಎಂಬ ಮಾತಿರುವ ಅರಾಮ್ಯರ ಶಾಸನದ ತುಂಡು 1993ರಲ್ಲಿ ಇಲ್ಲೇ ಸಿಕ್ಕಿತು. ಮೂಲ ನೋಡಲು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಹೋಗಬೇಕು, ಅದಕ್ಕೆ ಅರ್ಧ ದಿನ ಇಡಿ.

ಇಸ್ರಾಯೇಲಿನ ಅರಸ ಒಮ್ರಿ ರಾಜಧಾನಿಯಾಗಿ ಕಟ್ಟಿದ ಸಮಾರ್ಯ ಈಗಿನ ಸೆಬಾಸ್ತಿಯಾ, ಪಶ್ಚಿಮ ದಂಡೆಯಲ್ಲಿ (ವೆಸ್ಟ್ ಬ್ಯಾಂಕ್) ಇದೆ. ಇಸ್ರೇಲಿನ ಬಾಡಿಗೆ ಕಾರಿಗೆ ಅಲ್ಲಿ ವಿಮೆ ಸಾಮಾನ್ಯವಾಗಿ ನಡೆಯದು. ಹತ್ತಿರದ ನಾಬ್ಲುಸ್ ಊರಿನಿಂದ ಟ್ಯಾಕ್ಸಿ ಹಿಡಿಯಿರಿ. ಅಲ್ಲಿಗೆ ಹೋಗುವ ದಾರಿ ತೆರೆದಿದೆಯೇ ಎಂದು ಆ ದಿನವೇ ಹೋಟೆಲಿನವರನ್ನು ಕೇಳಿ.